ಹೃದಯದ ಮಾದರಿಗೆ ಯಾವ ವಸ್ತು? ಮುದ್ರಣಕ್ಕೆ ಮುನ್ನ ತಿಳಿಯಬೇಕಾದದ್ದು

ಕೆಲವು ಶಿಶುಗಳಲ್ಲಿ ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಗಳೆರಡೂ ಹುಟ್ಟಿನಿಂದಲೇ ಬಲ ಹೃತ್ಕುಕ್ಷಿಯಿಂದ ಹೊರಟಿರುತ್ತವೆ. ಎರಡು ಕುಕ್ಷಿಗಳ ನಡುವಿನ ಗೋಡೆಯಲ್ಲಿ ರಂಧ್ರವಿರುತ್ತದೆ. ಆ ರಂಧ್ರದಿಂದ ಮಹಾಪಧಮನಿಯ ಬಾಯಿಯವರೆಗೆ ತೇಪೆಯ ಸುರಂಗವೊಂದನ್ನು ಹೊಲಿದು, ಎಡ ಕುಕ್ಷಿಯ ಶುದ್ಧ ರಕ್ತವನ್ನು ದೇಹಕ್ಕೆ ಹರಿಸಲು ಸಾಧ್ಯವೇ ಎಂಬುದನ್ನು ಶಸ್ತ್ರಚಿಕಿತ್ಸಕರು ಎದೆ ತೆರೆಯುವ ಮೊದಲೇ ಅಂದಾಜು ಮಾಡಬೇಕಾಗುತ್ತದೆ. ಪರದೆಯ ಮೇಲಿನ ಚಿತ್ರಗಳು ಎಷ್ಟೇ ಸ್ಪಷ್ಟವಾಗಿದ್ದರೂ ಆ ಅಂತರ, ಆ ತಿರುವು ಕೈಗೆ ಸಿಗುವುದಿಲ್ಲ. ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರಗಳನ್ನು ಆಧರಿಸಿ ಅದೇ ಮಗುವಿನ ಹೃದಯದ ಮಾದರಿಯನ್ನು ಪದರ ಪದರವಾಗಿ ಮುದ್ರಿಸುವ ತ್ರೀಡಿ ಯಂತ್ರಗಳು ಮುಖ್ಯವಾಗುವುದು ಇಲ್ಲಿಯೇ.

10 ಆಸ್ಪತ್ರೆಗಳು ಸೇರಿ ಜಟಿಲ ಜನ್ಮಜಾತ ಹೃದ್ರೋಗವುಳ್ಳ 40 ರೋಗಿಗಳ ಮೇಲೆ ನಡೆಸಿದ ಅಂತರರಾಷ್ಟ್ರೀಯ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ 19 ರೋಗಿಗಳ ಶಸ್ತ್ರಚಿಕಿತ್ಸೆಯ ಯೋಜನೆಯನ್ನು ವೈದ್ಯರು ಮರುರೂಪಿಸಿದ್ದರು. ಆ ಮಾದರಿಗಳನ್ನು ಮುದ್ರಿಸಿದ್ದು ಪಾಲಿಯುರಿಥೇನ್ ಎಳೆಯಿಂದ. ಅದು ಬಾಗುವ ವಸ್ತುವೇನೋ ಹೌದು, ಆದರೆ ಹೃದಯದ ಸ್ನಾಯುವಿಗಿಂತ ಎಷ್ಟೋ ಗಟ್ಟಿ. ಆದರೂ ಕೆಲಸ ನಡೆಯಿತು. ಯೋಜನೆಗೆ ಬೇಕಾಗಿದ್ದುದು ಆಕಾರದ ನಿಖರತೆ, ಸ್ಪರ್ಶದ ಸಾಮ್ಯ ಅಷ್ಟಾಗಿ ಬೇಕಿರಲಿಲ್ಲ. ಕೊಚ್ಚಿಯ ಅಮೃತಾ ವೈದ್ಯಕೀಯ ಸಂಸ್ಥೆಯ ವೈದ್ಯರು ಸೀಮಿತ ಸಂಪನ್ಮೂಲದಲ್ಲಿಯೇ ಇಂಥ ಮಾದರಿಗಳನ್ನು ಬಳಸಿದ ಅನುಭವವನ್ನು ಪ್ರಕಟಿಸಿದ್ದೂ ಅದೇ ವರ್ಷ.

ಆದ್ದರಿಂದ ‘ನೈಜ’ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಮಾದರಿಯನ್ನು ನೋಡುವುದಷ್ಟೇ ಉದ್ದೇಶವೇ, ಕತ್ತರಿಸಬೇಕೇ, ಹೊಲಿಯಬೇಕೇ, ಒಳಗೆ ನೀರು ಹರಿಸಬೇಕೇ ಎಂಬುದು ನಿರ್ಧಾರವಾದ ನಂತರವೇ ವಸ್ತುವಿನ ಪ್ರಶ್ನೆ ಏಳುತ್ತದೆ.

ಗಟ್ಟಿತನದ ಲೆಕ್ಕ

ಸಡಿಲಗೊಂಡ ಸ್ಥಿತಿಯಲ್ಲಿ ಹೃದಯ ಸ್ನಾಯುವಿನ ಬಿಗಿ ಹತ್ತಾರು ಕಿಲೋಪಾಸ್ಕಲ್‌ಗಳಷ್ಟು. ಅಗ್ಗದ ಯಂತ್ರಗಳಲ್ಲಿ ಬಳಕೆಯಾಗುವ ಪಿ.ಎಲ್.ಎ. ಪ್ಲಾಸ್ಟಿಕ್‌ನದು ಸುಮಾರು 3 ಗಿಗಾಪಾಸ್ಕಲ್, ಅಂದರೆ ಹೆಚ್ಚುಕಡಿಮೆ ಲಕ್ಷ ಪಟ್ಟು. ರಬ್ಬರಿನಂಥ ವಸ್ತುಗಳನ್ನು ‘ಶೋರ್ ಎ’ ಎಂಬ ಮಾಪನದಲ್ಲಿ ಅಳೆಯುವುದು ರೂಢಿ. ಪೆನ್ಸಿಲ್ ಅಳಿಸುವ ರಬ್ಬರು ಅದರಲ್ಲಿ 40ರ ಆಸುಪಾಸು, ಕಾರಿನ ಟೈರು 60ರಿಂದ 70. ಮಾರುಕಟ್ಟೆಯಲ್ಲಿ ‘ಮೃದು’ ಎಂದು ಮಾರಾಟವಾಗುವ ಟಿ.ಪಿ.ಯು. ಎಳೆಯ ಅಂಕ ಸಾಮಾನ್ಯವಾಗಿ 85ರಿಂದ 95! ಟೈರಿಗಿಂತ ಗಟ್ಟಿಯಾದುದನ್ನು ಮೃದು ಎಂದು ನಂಬಿ ಕೊಂಡವರು ನಿರಾಶರಾದರೆ ಆಶ್ಚರ್ಯವಿಲ್ಲ. ತೀರ ಮೆದುವಾದ ವಸ್ತುಗಳಿಗೆ ‘ಶೋರ್ 00’ ಎಂಬ ಬೇರೆ ಮಾಪನವೇ ಇದೆ. ಸ್ನಾಯುವಿನ ಹತ್ತಿರ ಬರುವ ವಸ್ತುಗಳನ್ನು ಅಲ್ಲಿ ಹುಡುಕಬೇಕು.

ಅಂಕ ಹೊಂದಿದರೂ ಸ್ವಭಾವ ಹೊಂದಬೇಕೆಂದಿಲ್ಲ. ಹೃದಯದ ನಾರುಗಳು ಸುರುಳಿಯಾಗಿ ಸುತ್ತಿಕೊಂಡಿರುವುದರಿಂದ ಒಂದು ದಿಕ್ಕಿನಲ್ಲಿ ಎಳೆದಂತೆ ಇನ್ನೊಂದು ದಿಕ್ಕಿನಲ್ಲಿ ಅದು ಹಿಗ್ಗುವುದಿಲ್ಲ. ಹಿಗ್ಗಿದಷ್ಟೂ ಬಿಗಿಯಾಗುತ್ತದೆ. ಈ ಗುಣ ಸಾಮಾನ್ಯ ರಬ್ಬರಿಗೆ ಇಲ್ಲ.

ತರಗತಿಯ ಮೇಜಿಗೆ

ವಿದ್ಯಾರ್ಥಿಗಳಿಗೆ ಕೋಣೆಗಳು, ಕವಾಟಗಳ ಸ್ಥಾನ, ರಕ್ತನಾಳಗಳ ಕ್ರಮವನ್ನು ತೋರಿಸಲು ಪಿ.ಎಲ್.ಎ. ಸಾಕು. ಅಗ್ಗ, ಮುದ್ರಣ ಸುಲಭ, ಬಣ್ಣ ಹಚ್ಚಬಹುದು. ಇಡಿಯ ಹೃದಯವನ್ನು ಒಮ್ಮೆಗೇ ಮುದ್ರಿಸಿದರೆ ಕುಕ್ಷಿಯೊಳಗಿನ ಆಧಾರ ಕಂಬಗಳನ್ನು ಕಿತ್ತು ತೆಗೆಯುವುದೇ ದೊಡ್ಡ ಪಾಡು. ಎರಡು ಹೋಳಾಗಿ ಮುದ್ರಿಸಿ, ಅಂಚಿನಲ್ಲಿ ಸಣ್ಣ ಅಯಸ್ಕಾಂತಗಳನ್ನು ಕೂರಿಸಿದರೆ ಒಳಭಾಗ ನೋಡಲೂ ಅನುಕೂಲ. ಎರಡು ಮೂತಿಯ ಯಂತ್ರವಿದ್ದರೆ ಆಧಾರಕ್ಕೆ ನೀರಿನಲ್ಲಿ ಕರಗುವ ಪಿ.ವಿ.ಎ. ಎಳೆಯನ್ನು ಬಳಸಬಹುದು.

ಅದೇ ಯಂತ್ರದಲ್ಲಿ ಬಾಗುವ ಮಾದರಿ ಬೇಕೆಂದರೆ ಟಿ.ಪಿ.ಯು. ಆರಿಸಿಕೊಳ್ಳಬೇಕು. ಗೋಡೆಯನ್ನು ತೆಳುಮಾಡಿ, ಒಳತುಂಬುವಿಕೆಯನ್ನು ಕಡಿಮೆ ಮಾಡಿದರೆ ಅಂಕ ಸೂಚಿಸುವುದಕ್ಕಿಂತ ಮೆತ್ತಗೆ ಅನಿಸುತ್ತದೆ. ಮುದ್ರಣದ ವೇಗ ತಗ್ಗಿಸುವುದು ಅನಿವಾರ್ಯ. ತೇವ ಹೀರಿದ ಎಳೆಯಿಂದ ಜೇಡರ ಬಲೆಯಂತೆ ನೂಲು ಹೊರಡುವುದರಿಂದ ಮಳೆಗಾಲದಲ್ಲಿ ಎಳೆಯನ್ನು ಒಣಗಿಸಿಯೇ ಬಳಸಬೇಕು.

ಹೊಲಿಗೆಯ ಪರೀಕ್ಷೆ

ನಿಜವಾದ ಕಷ್ಟವಿರುವುದು ಶಸ್ತ್ರಚಿಕಿತ್ಸೆಯ ಅಭ್ಯಾಸಕ್ಕೆ ಮಾದರಿ ಮಾಡುವುದರಲ್ಲಿ. ಕೆನಡಾದ ಟೊರಾಂಟೊ ಮಕ್ಕಳ ಆಸ್ಪತ್ರೆಯ ವೈದ್ಯರು ಮುದ್ರಿತ ಹೃದಯಗಳ ಮೇಲೆ ಶಸ್ತ್ರಚಿಕಿತ್ಸಕರಿಗೆ ತರಬೇತಿ ಶಿಬಿರಗಳನ್ನೇ ನಡೆಸಿದ್ದಾರೆ. ಇಂಥ ಕೆಲಸಕ್ಕೆ ಬಳಕೆಗೆ ಬಂದ ವಸ್ತುಗಳಲ್ಲಿ ಬೆಳಕಿಗೆ ಗಟ್ಟಿಗೊಳ್ಳುವ ರಬ್ಬರಿನಂಥ ರೆಸಿನ್‌ಗಳು ಪ್ರಮುಖ. ಸ್ಟ್ರಾಟಸಿಸ್ ಕಂಪೆನಿಯ ಟ್ಯಾಂಗೋಪ್ಲಸ್ 27ರ ಆಸುಪಾಸಿನ ಅಂಕದ್ದು, ನಂತರ ಬಂದ ಅಜಿಲಸ್ 30ರದ್ದು. ಕತ್ತರಿ ಸರಾಗವಾಗಿ ಓಡುತ್ತದೆ. ಆದರೆ ಸೂಜಿ ಚುಚ್ಚಿ ದಾರ ಬಿಗಿದಾಗ ಟ್ಯಾಂಗೋಪ್ಲಸ್ ಹರಿದುಹೋಗುತ್ತದೆಂಬುದು ಬಳಸಿದವರ ಸಾಮಾನ್ಯ ದೂರು. ತರಬೇತಿಯಲ್ಲಿ ಇದು ಸಣ್ಣ ದೋಷವೆನ್ನುವಂತಿಲ್ಲ. ಹರಿಯುವ ವಸ್ತುವಿನ ಮೇಲೆ ಅಭ್ಯಾಸ ಮಾಡಿದ ಕೈ ದಾರವನ್ನು ಬಿಗಿಯಲು ಅಂಜುತ್ತದೆ, ಅತಿಗಟ್ಟಿ ವಸ್ತುವಿನ ಮೇಲೆ ಕಲಿತ ಕೈ ಅಗತ್ಯಕ್ಕಿಂತ ಹೆಚ್ಚು ಬಲ ಹಾಕುತ್ತದೆ. 2019ರಲ್ಲಿ ಅದೇ ಕಂಪೆನಿ ಅಂಗಾಂಶದ ಸ್ಪರ್ಶವನ್ನೇ ಗುರಿಯಾಗಿಸಿ ಪ್ರತ್ಯೇಕ ಯಂತ್ರ ಮತ್ತು ವಸ್ತುಗಳನ್ನು ಹೊರತಂದಿತು. ಸಣ್ಣ ಪ್ರಯೋಗಾಲಯಗಳಿಗೆ ಅದರ ಬೆಲೆ ನಿಲುಕುವಂಥದ್ದಲ್ಲ.

ಹೊಲಿಗೆಗೆ ಸಿಲಿಕೋನ್ ಹೆಚ್ಚು ನಂಬಿಕಸ್ಥ. ಇದರಲ್ಲಿ ಹೃದಯವನ್ನು ಮುದ್ರಿಸುವ ಬದಲು ಅಚ್ಚನ್ನು ಮುದ್ರಿಸಲಾಗುತ್ತದೆ. ಕೋಣೆಗಳ ಒಳ ಆಕಾರವನ್ನು ಪಿ.ವಿ.ಎ.ಯಲ್ಲಿ ಮಾಡಿ, ಹೊರ ಅಚ್ಚಿನೊಳಗೆ ಕೂರಿಸಿ, ನಡುವೆ ಸಿಲಿಕೋನ್ ಸುರಿದು, ಅದು ಗಟ್ಟಿಯಾದ ಮೇಲೆ ನೀರಿನಲ್ಲಿ ನೆನೆಸಿದರೆ ಒಳಗಿನದು ಕರಗಿ ಟೊಳ್ಳು ಹೃದಯ ಉಳಿಯುತ್ತದೆ. ಅಚ್ಚನ್ನು ರೆಸಿನ್‌ನಲ್ಲಿ ಮುದ್ರಿಸಿದವರು ಒಂದು ವಿಷಯ ಗಮನಿಸಬೇಕು: ಪ್ಲಾಟಿನಂ ಬಗೆಯ ಸಿಲಿಕೋನ್ ಪೂರ್ಣ ಒಣಗದ ರೆಸಿನ್‌ಗೆ ತಾಗಿದರೆ ಗಟ್ಟಿಯಾಗದೆ ಅಂಟಾಗಿಯೇ ಉಳಿಯುತ್ತದೆ. ಅಚ್ಚನ್ನು ಚೆನ್ನಾಗಿ ತೊಳೆದು, ಬೆಳಕಿನಲ್ಲಿ ಬಲಿಸಿ, ಲೇಪ ಹಚ್ಚಿದ ನಂತರವೇ ಸುರಿಯುವುದು ಲೇಸು. ಗೋಡೆಯ ದಪ್ಪದ ಕಡೆಗೂ ಗಮನವಿರಬೇಕು. ವಯಸ್ಕರಲ್ಲಿ ಎಡ ಕುಕ್ಷಿಯ ಗೋಡೆ ಸುಮಾರು 1 ಸೆಂಟಿಮೀಟರ್ ಇದ್ದರೆ ಬಲದ್ದು 3ರಿಂದ 5 ಮಿಲಿಮೀಟರ್, ಹೃತ್ಕರ್ಣಗಳದ್ದು ಇನ್ನೂ ತೆಳು. ಎಲ್ಲವನ್ನೂ ಒಂದೇ ದಪ್ಪಕ್ಕೆ ಎರೆದ ಮಾದರಿ ಎಷ್ಟೇ ಮೆತ್ತಗಿದ್ದರೂ ಸುಳ್ಳು ಹೇಳುತ್ತದೆ.

ಕವಾಟಗಳ ಎಸಳುಗಳು 1 ಮಿಲಿಮೀಟರ್‌ಗೂ ತೆಳುವಾಗಿದ್ದು, ಮಿಡಿತದ ಜೊತೆಗೆ ಅಲುಗುವುದರಿಂದ ಸಿ.ಟಿ.ಯಲ್ಲಿ ಸರಿಯಾಗಿ ಸಿಗುವುದಿಲ್ಲ. ಬಹಳಷ್ಟು ಮಾದರಿಗಳಲ್ಲಿ ಅವು ಇಲ್ಲದಿರುವುದಕ್ಕೆ, ಅಥವಾ ಕೈಯಿಂದ ಬಿಡಿಸಿ ಸೇರಿಸಿರುವುದಕ್ಕೆ ಇದೇ ಕಾರಣ.

ನೀರಿನಂಶದ ಜೆಲ್‌ಗಳು ಸ್ನಾಯುವಿಗೆ ಇನ್ನೂ ಹತ್ತಿರ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಕಡಲಪಾಚಿಯಿಂದ ದೊರೆಯುವ ಆಲ್ಜಿನೇಟ್ ಬಳಸಿ ಪೂರ್ಣ ಗಾತ್ರದ ಹೃದಯವನ್ನು ಮುದ್ರಿಸಿ ತೋರಿಸಿತು. ಜೆಲಟಿನ್ ಹಾಸಿನೊಳಗೆ ಸೂಜಿಯಿಂದ ಆಕಾರ ಬಿಡಿಸಿ, ಆನಂತರ ಬಿಸಿ ಮಾಡಿ ಹಾಸನ್ನು ಕರಗಿಸುವ ವಿಧಾನವದು. ಇಂಥವನ್ನು ಒಣಗದಂತೆ ನೀರಿನಲ್ಲಿಯೇ ಇಡಬೇಕಾಗುತ್ತದೆ.

ಕ್ಯಾತಿಟರ್ ತೂರಿಸುವ ಅಭ್ಯಾಸಕ್ಕೆ ಮಾತ್ರ ಪಾರದರ್ಶಕ ರೆಸಿನ್ ಅಥವಾ ಸಿಲಿಕೋನ್ ಉಪಯುಕ್ತ. ಇನ್ನು ಶಸ್ತ್ರಚಿಕಿತ್ಸಾ ಕೊಠಡಿಗೆ ಒಯ್ಯುವ ಮಾದರಿಯ ವಿಚಾರ. ಪಿ.ಎಲ್.ಎ. 60 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಮೆತ್ತಗಾಗುತ್ತದೆ. 121 ಡಿಗ್ರಿಯ ಆಟೋಕ್ಲೇವ್‌ನಲ್ಲಿ ಇಟ್ಟರೆ ಆಕಾರವೇ ಉಳಿಯದು. ಅಂಥ ಮಾದರಿಯನ್ನು ಸೋಂಕುರಹಿತ ಪಾರದರ್ಶಕ ಚೀಲದೊಳಗಿಟ್ಟು ನೋಡಬಹುದು, ಇಲ್ಲವೇ ಎಥಿಲೀನ್ ಆಕ್ಸೈಡ್‌ನಂಥ ಕಡಿಮೆ ಉಷ್ಣತೆಯ ಶುದ್ಧೀಕರಣಕ್ಕೆ ಕಳುಹಿಸಬೇಕು.