ಕೊಡಗಿನ ಮನೆಯಂಗಳದ ಹೂಗಿಡಗಳ ಸವರುವಿಕೆ: ಕಾಲ ಮತ್ತು ಕ್ರಮ

ಕೊಡಗಿನಲ್ಲಿ ಅಂಗಳದ ಹೂಗಿಡಗಳನ್ನು ಸಾಮಾನ್ಯವಾಗಿ ಕಾಫಿ ಕೊಯ್ಲು ಮುಗಿದ ನಂತರ, ಫೆಬ್ರವರಿ–ಮಾರ್ಚ್ ತಿಂಗಳಲ್ಲಿ ಸವರಲಾಗುತ್ತದೆ. ತೋಟದ ಕೆಲಸಗಾರರೂ ಕತ್ತರಿಯೂ ದೊರೆಯುವ ಸಮಯ ಅದು. ಎಲ್ಲ ಗಿಡಗಳನ್ನೂ ಒಂದೇ ಎತ್ತರಕ್ಕೆ ಕತ್ತರಿಸಿಬಿಡುವುದು ರೂಢಿ. ದಾಸವಾಳಕ್ಕೆ ಇದರಿಂದ ತೊಂದರೆಯಿಲ್ಲ; ಹೈಡ್ರೇಂಜಿಯಾ ಮಾತ್ರ ಆ ವರ್ಷ ಸೊಂಪಾದ ಎಲೆ ಬಿಟ್ಟು ನಿಲ್ಲುತ್ತದೆ, ಹೂ ಕಾಣುವುದಿಲ್ಲ. ಗೊಬ್ಬರದ ಕೊರತೆಯೆಂದು ಭಾವಿಸಿ ಮತ್ತಷ್ಟು ಸಾರಜನಕ ನೀಡಿದರೆ ಎಲೆಯೇ ಹೆಚ್ಚುತ್ತದೆ.

ಕಾರಣ ಸರಳವಾಗಿದೆ. ದಾಸವಾಳ, ಗುಲಾಬಿ, ಬೋಗನ್‌ವಿಲ್ಲಾ ಗಿಡಗಳು ಹೊಸ ಚಿಗುರಿನಲ್ಲಿ ಹೂ ಬಿಡುತ್ತವೆ. ಅಂಗಳದಲ್ಲಿ ಸಾಮಾನ್ಯವಾಗಿರುವ ದೊಡ್ಡೆಲೆಯ ಹೈಡ್ರೇಂಜಿಯಾ ಹಾಗೂ ಅಜೇಲಿಯಾ ಹಿಂದಿನ ವರ್ಷ ಬಲಿತ ರೆಂಬೆಯ ತುದಿಯಲ್ಲಿ ಮೊಗ್ಗು ಕಟ್ಟಿಕೊಂಡಿರುತ್ತವೆ. ಮಳೆಗಾಲದ ನಂತರ ಚಳಿ ಆರಂಭವಾದಾಗ ರೂಪುಗೊಂಡ ಈ ಮೊಗ್ಗುಗಳು ಫೆಬ್ರವರಿಯ ಕತ್ತರಿಗೆ ಬಲಿಯಾಗುತ್ತವೆ.

ಆದ್ದರಿಂದ ಹೈಡ್ರೇಂಜಿಯಾವನ್ನು ಹೂ ಬಾಡಿದೊಡನೆ, ತಡವೆಂದರೆ ಕೈಲ್ ಮುಹೂರ್ತದ ಆಸುಪಾಸಿನಲ್ಲಿ, ಅಂದರೆ ಸೆಪ್ಟೆಂಬರ್ ಮೊದಲ ವಾರದೊಳಗೆ, ಮಳೆ ಬಿಡುವು ಕೊಟ್ಟ ದಿನ ಸವರಬೇಕು. ಹೂ ಬಿಟ್ಟ ರೆಂಬೆಯನ್ನು ಅದರ ಕೆಳಗಿನ ಮೊದಲ ದಪ್ಪ ಕಣ್ಣುಗಳ ಜೋಡಿಯ ಮೇಲ್ಭಾಗಕ್ಕೆ ಕತ್ತರಿಸುವುದು ಸಾಕು. ಹೂ ಬಿಡದ ರೆಂಬೆಗಳನ್ನು ಮುಟ್ಟಬಾರದು. ಮುಂದಿನ ಹೂ ಬರುವುದು ಅವುಗಳಲ್ಲಿಯೇ. ಹಳೆಯ ಗಿಡವಾದರೆ ಮುದಿ ಕಾಂಡಗಳಲ್ಲಿ ಮೂರನೆಯ ಒಂದು ಭಾಗವನ್ನು ಬುಡಸಮ ತೆಗೆಯಬಹುದು. ಈಗಾಗಲೇ ತಪ್ಪು ಕಾಲದಲ್ಲಿ ಸವರಿದ್ದರೆ ಮತ್ತೆ ಕತ್ತರಿಸದೆ ಚಿಗುರನ್ನು ಬಲಿಯಲು ಬಿಡಬೇಕು. (ಕಾಫಿಗೆ ಹಾಕುವ ಸುಣ್ಣ ಈ ಗಿಡದ ಬುಡಕ್ಕೂ ಬಿದ್ದರೆ ಮಣ್ಣಿನ ಹುಳಿ ತಗ್ಗಿ ನೀಲಿ ಹೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದು ರೋಗವಲ್ಲ.)

ಗುಲಾಬಿಗೆ ಕಾವೇರಿ ಸಂಕ್ರಮಣದ ವೇಳೆ, ಅಕ್ಟೋಬರ್ ಮಧ್ಯಭಾಗ ಸೂಕ್ತ. ಒಣಗಿದ, ಒಳಮುಖವಾಗಿ ಬೆಳೆದ ರೆಂಬೆಗಳನ್ನು ತೆಗೆದು, ಉಳಿದವುಗಳನ್ನು ಹೊರಮುಖದ ಕಣ್ಣಿನಿಂದ ಸುಮಾರು 5 ಮಿ.ಮೀ. ಮೇಲೆ ಓರೆಯಾಗಿ ಕತ್ತರಿಸಬೇಕು. ತುದಿಯಿಂದ ಕಪ್ಪಾಗಿ ಒಣಗುತ್ತಿರುವ ರೆಂಬೆಯಲ್ಲಿ ತಿರುಳು ಬಿಳಿಯಾಗಿ ಕಾಣುವವರೆಗೆ ಕೆಳಗಿಳಿದು ಕತ್ತರಿಸುವುದು ಅಗತ್ಯ. ಬೋಗನ್‌ವಿಲ್ಲಾವನ್ನೂ ಮಳೆ ನಿಂತ ಮೇಲೆ ಸವರಬಹುದು. ಪಾಯಿನ್ಸೆಟಿಯಾವನ್ನು ಕೆಂಪು ಎಲೆಗಳು ಉದುರಿದ ನಂತರ, ಮಾರ್ಚ್‌ನಲ್ಲಿ ಸವರಬೇಕು. ಅದರ ಹಾಲು ಚರ್ಮಕ್ಕೆ ಉರಿ ತರುವುದರಿಂದ ಕೈಗವಸು ಧರಿಸಬೇಕು.

ಜೂನ್–ಜುಲೈ ತಿಂಗಳ ಜಡಿಮಳೆಯಲ್ಲಿ ಯಾವ ಗಿಡವನ್ನೂ ಹೆಚ್ಚು ಸವರಬಾರದು. ಗಾಯ ಒಣಗದೆ ಶಿಲೀಂಧ್ರ ಒಳಸೇರಿ ರೆಂಬೆ ಕೊಳೆಯುತ್ತದೆ. ಗಾಳಿಗೆ ಮುರಿದ ರೆಂಬೆಯನ್ನು ತೆಗೆಯಲೇಬೇಕಾದಲ್ಲಿ ಗಾಯಕ್ಕೆ ಶೇ. 10ರ ಬೋರ್ಡೋ ಮುಲಾಮು ಹಚ್ಚಬೇಕು. 100 ಗ್ರಾಂ ಮೈಲುತುತ್ತ ಹಾಗೂ 100 ಗ್ರಾಂ ಸುಣ್ಣವನ್ನು ತಲಾ ಅರ್ಧ ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಪ್ರತ್ಯೇಕವಾಗಿ ಕಲಸಿ, ನಂತರ ಬೆರೆಸಿ ಅಂದೇ ಬಳಸಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯ ಅಲಗನ್ನು ಸ್ಪಿರಿಟ್‌ನಿಂದ ಒರೆಸಬೇಕು.