ಪ್ರಳಯದ ಕಥೆಗಳಲ್ಲಿ ಮನುಷ್ಯನ ಮುಖ

ಲೋಕ ಮುಳುಗಿಹೋದೀತೆಂಬ ಭಯ ಮನುಷ್ಯನಷ್ಟೇ ಹಳೆಯದಾಗಿರಬೇಕು. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯ ಮುನಿಯು ಧರ್ಮರಾಯನಿಗೆ ಯುಗಾಂತ್ಯದ ವೃತ್ತಾಂತವನ್ನು ಹೇಳುತ್ತಾನೆ. ಸೂರ್ಯರು ಉರಿಯುತ್ತಾರೆ, ಮೋಡಗಳು ಕವಿಯುತ್ತವೆ, ನೆಲವೆಲ್ಲ ಒಂದೇ ಸಮುದ್ರವಾಗುತ್ತದೆ. ಕಡೆಗೆ ಆಲದ ಮರದ ಮೇಲೆ ಮಲಗಿದ ಶಿಶುವೊಂದು ಮಾತ್ರ ಉಳಿಯುತ್ತದೆ. ನಮ್ಮ ನೆನಪಿನಲ್ಲಿ ನಿಂತಿರುವುದು ಈ ಬೆಂಕಿ, ಈ ನೀರು, ಈ ಶಿಶು. ಆದರೆ ಅದೇ ವೃತ್ತಾಂತದಲ್ಲಿ ಮುನಿಯು ಮನುಷ್ಯರ ನಡತೆಯನ್ನೂ ಎಣಿಸಿ ಹೇಳುತ್ತಾನೆ: ಅರಸರು ಸುಳ್ಳಾಡುವರು, ವರ್ತಕರು ತೂಕದಲ್ಲಿ ಮೋಸಮಾಡುವರು, ಅನ್ನ ಮಾರುವ ಸರಕಾಗುವುದು. ಬೆಂಕಿ ಬೀಳುವ ಮೊದಲೇ ಲೋಕ ಒಳಗಿನಿಂದ ಕೆಟ್ಟಿರುತ್ತದೆ ಎಂಬುದು ಅಲ್ಲಿಯ ಅಭಿಪ್ರಾಯ.

ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಈ ಭಯಕ್ಕೆ ಇನ್ನೊಂದು ರೂಪವಿತ್ತು. ಆಟಿ ತಿಂಗಳ ಜಡಿಮಳೆಯಲ್ಲಿ ತಾಳೆಗರಿಯ ಕೊಡೆ ಹಿಡಿದು ಆಟಿ ಕಳೆಂಜ ಮನೆಯಂಗಳಕ್ಕೆ ಬರುತ್ತಿದ್ದ. ಮನೆಯವರು ಅಕ್ಕಿ, ತೆಂಗಿನಕಾಯಿ, ಉಪ್ಪು, ಮೆಣಸು, ಇದ್ದಿಲು ಕೊಡುತ್ತಿದ್ದರು. ಮನುಷ್ಯರಿಗೂ ದನಕರುಗಳಿಗೂ ಬಂದ ಮಾರಿಯನ್ನು ಅವನು ಊರಾಚೆ ಒಯ್ಯುವನೆಂಬುದು ನಂಬಿಕೆ. ಇಂದಿಗೂ ಕೆಲವು ಕಡೆ ಕಳೆಂಜ ಬರುವುದುಂಟು. ಈ ಆಚಾರದ ಒಳಗಿರುವ ಭಾವನೆಯನ್ನು ಗಮನಿಸಬೇಕು. ಮಾರಿ ಎಂದರೆ ಹೊರಗಿನಿಂದ ಬಂದದ್ದು. ಅದನ್ನು ಹೊರಗೇ ಅಟ್ಟಬಹುದು. ಮುನಿಯ ಮಾತಿನಲ್ಲಿ ಕೇಡು ಒಳಗಿನದು, ಕಳೆಂಜನ ಕುಣಿತದಲ್ಲಿ ಕೇಡು ಹೊರಗಿನದು. ಪ್ರಳಯವನ್ನು ಕುರಿತ ಕಲ್ಪನೆಗಳೆಲ್ಲ ಈ ಎರಡರ ನಡುವೆ ತೂಗಾಡುತ್ತಲೇ ಬಂದಿವೆ.

ವಿಜ್ಞಾನ ಕಥೆಯೆಂಬ ಸಾಹಿತ್ಯಪ್ರಕಾರ ಹುಟ್ಟಿದ ಮೇಲೆ ಈ ತೂಗಾಟಕ್ಕೆ ಹೊಸ ಅರ್ಥ ಬಂತು. ಪುರಾಣದಲ್ಲಿ ಪ್ರಳಯವು ಕಾಲನಿಯಮ, ಇಲ್ಲವೇ ದೈವ ವಿಧಿಸಿದ ಶಿಕ್ಷೆ. ವಿಜ್ಞಾನ ಕಥೆಯಲ್ಲಿ ಅದು ಬಹಳ ಸಲ ಮನುಷ್ಯನ ಕೆಲಸದ ಫಲ. ಶಿಕ್ಷೆಯಾದರೆ ಕ್ಷಮೆ ಬೇಡಬಹುದು. ಫಲಕ್ಕೆ ಕ್ಷಮೆಯಿಲ್ಲ.

ಇಂಗ್ಲಿಷಿನ ಎಚ್. ಜಿ. ವೆಲ್ಸ್ 1898ರಲ್ಲಿ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯನ್ನು ಪ್ರಕಟಿಸಿದ. ಮಂಗಳ ಗ್ರಹದ ಜೀವಿಗಳು ಇಂಗ್ಲೆಂಡಿನ ಮೇಲೆ ಎರಗುವ ಕಥೆ ಅದು. ಮೇಲುನೋಟಕ್ಕೆ ಇದು ಹೊರಗಿನ ಮಾರಿಯೇ ಸರಿ. ಆದರೆ ಕಾದಂಬರಿಯ ಮೊದಲಲ್ಲೇ ವೆಲ್ಸ್ ತನ್ನ ಜನಕ್ಕೆ ಟಾಸ್ಮೇನಿಯಾದ ಮೂಲನಿವಾಸಿಗಳನ್ನು ನೆನಪಿಸುತ್ತಾನೆ. ಯೂರೋಪಿನ ವಲಸೆಗಾರರು ಅಲ್ಲಿ ಮಾಡಿದ್ದನ್ನೇ ಮಂಗಳದವರು ಇಲ್ಲಿ ಮಾಡಿದರೆ ದೂರುವುದು ಯಾರನ್ನು? ಸಾಮ್ರಾಜ್ಯದ ದರ್ಪವು ತನ್ನ ಮುಖವನ್ನು ತಾನೇ ಕಂಡು ಬೆಚ್ಚಿದ ಕೃತಿ ಇದು.

1909ರಲ್ಲಿ ಇ. ಎಂ. ಫಾರ್ಸ್ಟರ್ ‘ದಿ ಮಷೀನ್ ಸ್ಟಾಪ್ಸ್’ ಎಂಬ ನೀಳ್ಗತೆಯನ್ನು ಬರೆದ. ಅಲ್ಲಿ ಜನ ನೆಲದಡಿಯ ಕೋಣೆಗಳಲ್ಲಿ ಒಬ್ಬೊಬ್ಬರಾಗಿ ವಾಸಿಸುತ್ತಾರೆ. ಮಾತು, ಊಟ, ಸಂಗೀತ ಎಲ್ಲವನ್ನೂ ಯಂತ್ರವೇ ಒದಗಿಸುತ್ತದೆ. ಒಬ್ಬರನ್ನೊಬ್ಬರು ಮುಟ್ಟುವುದು ಅವರಿಗೆ ಅಸಹ್ಯ. ಯಂತ್ರ ನಿಂತ ದಿನ ಅವರ ಲೋಕವೂ ಮುಗಿಯುತ್ತದೆ. ಝೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್. ಯು. ಆರ್.’ ನಾಟಕವೇ ಲೋಕಕ್ಕೆ ‘ರೋಬೋಟ್’ ಎಂಬ ಶಬ್ದವನ್ನು ಕೊಟ್ಟಿತು. ದುಡಿಮೆಯಿಂದ ಬಿಡುಗಡೆ ಪಡೆಯಲೆಂದು ಮನುಷ್ಯ ಕೃತಕ ಆಳುಗಳನ್ನು ಮಾಡುತ್ತಾನೆ. ಕೊನೆಗೆ ಮನುಷ್ಯಕುಲವೇ ಅಳಿಯುತ್ತದೆ. ಈ ಎರಡೂ ಕಡೆ ದುರ್ಗುಣ ಕ್ರೌರ್ಯವಲ್ಲ, ಆಲಸ್ಯ. ಅದಕ್ಕೆ ನಾವಿಟ್ಟ ಮರ್ಯಾದೆಯ ಹೆಸರು ಅನುಕೂಲ.

ನೆವಿಲ್ ಶೂಟ್ 1957ರಲ್ಲಿ ಬರೆದ ‘ಆನ್ ದಿ ಬೀಚ್’ ಇನ್ನೂ ಕಠಿಣವಾದದ್ದು. ಉತ್ತರಾರ್ಧ ಗೋಳದಲ್ಲಿ ಪರಮಾಣು ಯುದ್ಧ ಮುಗಿದಿದೆ. ಆ ಯುದ್ಧದಲ್ಲಿ ಪಾಲಿಲ್ಲದ ಮೆಲ್ಬೋರ್ನಿನ ಜನ, ಗಾಳಿಯಲ್ಲಿ ತೇಲಿಬರುವ ವಿಕಿರಣವನ್ನು ಕಾಯುತ್ತ ಎಂದಿನಂತೆ ತೋಟ ಮಾಡುತ್ತಾರೆ, ಸಂಸಾರ ನಡೆಸುತ್ತಾರೆ. ಮಾಡಿದವರು ಯಾರೋ, ಉಣ್ಣುವವರು ಯಾರೋ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆಯನ್ನು ಶ್ರದ್ಧೆಯಿಂದ ಬೆಳೆಸಿದರು. ಪುತ್ತೂರಿನ ಬಾಲವನದಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನೂ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿದವರು. ವಿಜ್ಞಾನವನ್ನು ಕನ್ನಡದ ಮನೆಮನೆಗೆ ಮುಟ್ಟಿಸಬಯಸಿದ ಅದೇ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭಾ ಚುನಾವಣೆಗೆ ನಿಂತರು, ಸೋತರು. ಇದರಲ್ಲಿ ವಿರೋಧಾಭಾಸವನ್ನು ಕಂಡವರುಂಟು. ನನಗೆ ಕಾಣುವುದು ಸುಸಂಗತಿ. ವಿಜ್ಞಾನವನ್ನು ಬಲ್ಲವನಿಗೆ ಅದನ್ನು ಬಳಸುವ ಕೈಗಳ ಮೇಲೂ ಒಂದು ಕಣ್ಣಿರಬೇಕಾಗುತ್ತದೆ.

ಈಗ ನಮ್ಮ ಸೀಮೆಯದೇ ಒಂದು ನಿದರ್ಶನವನ್ನು ಕೇಳುಗರ ಮುಂದಿಡುತ್ತೇನೆ. 1979ರಲ್ಲಿ ನಾನು ಪುತ್ತೂರಿನಲ್ಲಿ ವಿದ್ಯಾರ್ಥಿಯಾಗಿದ್ದೆ. ಅಮೆರಿಕದ ‘ಸ್ಕೈಲ್ಯಾಬ್’ ಎಂಬ ಸುಮಾರು 77 ಟನ್ ತೂಕದ ಬಾಹ್ಯಾಕಾಶ ನಿಲ್ದಾಣ ಭೂಮಿಗೆ ಬೀಳಲಿದೆಯೆಂಬ ಸುದ್ದಿ ಹಬ್ಬಿತ್ತು. ಹೇಗೂ ಸಾಯುವುದೇ ಎಂದು ಸಾಕಿದ ಕೋಳಿಗಳನ್ನು ಕೊಯ್ದು ಉಂಡವರ ಕಥೆಗಳನ್ನು ಜನ ನಗುತ್ತಲೂ ನಡುಗುತ್ತಲೂ ಹೇಳಿಕೊಳ್ಳುತ್ತಿದ್ದರು. ಜುಲೈ 11ರಂದು ಅದರ ಚೂರುಗಳು ಹಿಂದೂ ಮಹಾಸಾಗರದಲ್ಲಿ, ಆಸ್ಟ್ರೇಲಿಯಾದ ಪಶ್ಚಿಮದ ನಿರ್ಜನ ಸೀಮೆಯಲ್ಲಿ ಬಿದ್ದವು. ಒಬ್ಬರಿಗೂ ಗಾಯವಾಗಲಿಲ್ಲ.

ಸರಿಸುಮಾರು ಅದೇ ವರ್ಷಗಳಲ್ಲಿ ಆಕಾಶದಿಂದ ಬೇರೊಂದು ಬೀಳತೊಡಗಿತ್ತು. ಕಾಸರಗೋಡಿನ ಕಡೆ ಸುಮಾರು 4,500 ಹೆಕ್ಟೇರಿನ ಗೇರು ತೋಟಗಳ ಮೇಲೆ, ಟೀ ಸೊಳ್ಳೆಯ ಕಾಟವನ್ನು ತಡೆಯಲೆಂದು, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಇದು 2000ದವರೆಗೆ, ವರ್ಷಕ್ಕೆ ಎರಡು ಮೂರು ಬಾರಿ ನಡೆಯಿತು. ದಕ್ಷಿಣ ಕನ್ನಡದ ಗೇರು ತೋಟಗಳಲ್ಲಿಯೂ, ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತ ಇದೇ ವಿಷ ಬಿತ್ತು. ಸ್ಕೈಲ್ಯಾಬಿಗೆ ಹೆದರಿ ಮನೆಯೊಳಗೆ ಕುಳಿತ ಜನ, ಹೆಲಿಕಾಪ್ಟರನ್ನು ನೋಡಲು ಮಕ್ಕಳನ್ನು ಎತ್ತಿಕೊಂಡು ಅಂಗಳಕ್ಕೆ ಬಂದರು. ಆಕಸ್ಮಿಕವಾಗಿ ಬೀಳುವುದಕ್ಕೆ ಹೆದರಿದೆವು. ಆಜ್ಞೆಯಂತೆ ಬೀಳುತ್ತಿದ್ದುದನ್ನು ಬೆರಗಿನಿಂದ ನೋಡಿದೆವು.

ಇದರಲ್ಲಿ ಭಾಷೆಯ ಪಾತ್ರವೂ ಇದೆ. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿ ಸಿಂಪಡಿಸುವುದನ್ನು ನಮ್ಮ ಕಡೆ ‘ಮದ್ದು ಬಿಡುವುದು’ ಎನ್ನುತ್ತಾರೆ. ಮದ್ದು ಎಂದರೆ ಔಷಧ. ಮದ್ದುಗುಂಡು ಎಂಬಲ್ಲಿ ಕೊಲ್ಲುವ ಪುಡಿಯೂ ಅದೇ ಶಬ್ದ. ಹೆಲಿಕಾಪ್ಟರಿನಿಂದ ಬಿದ್ದದ್ದನ್ನೂ ಜನ ಮದ್ದೆಂದೇ ಕರೆದರು. ಹೆಸರು ಪರಿಚಿತವಾದಾಗ ಭಯ ಹುಟ್ಟುವುದಿಲ್ಲ.

ಅಂಗವಿಕಲ ಕರುಗಳು, ಬುದ್ಧಿ ಬೆಳೆಯದ ಶಿಶುಗಳು ಹುಟ್ಟತೊಡಗಿದಾಗ ಹಲವರು ಅದನ್ನು ದೈವದ ಮುನಿಸೆಂದರು. ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದು ಎಚ್ಚರಿಸಿದ್ದರು; ಆ ಮಾತಿಗೆ ಕಿವಿ ಸಿಕ್ಕಲು ಎರಡು ದಶಕಗಳು ಬೇಕಾದವು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಈ ವಿಷವನ್ನು ದೇಶದಲ್ಲೆಲ್ಲ ತಡೆಹಿಡಿಯಿತು. ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳಂ ಕಾದಂಬರಿ ‘ಎಣ್ಮಕಜೆ’ 2009ರಲ್ಲಿ ಬಂತು. ಎಣ್ಮಕಜೆ ಪುತ್ತೂರಿಗೆ ದೂರವಲ್ಲದ ಗಡಿಗ್ರಾಮ. ನಾಡು ಬೇಡವೆಂದು ಕಾಡು ಸೇರಿದ ಗಂಡು ಹೆಣ್ಣು ರೋಗಪೀಡಿತ ಮಗುವೊಂದನ್ನು ಸಾಕತೊಡಗುವುದರಿಂದ ಕಥೆ ಬೆಳೆಯುತ್ತದೆ. ಓದುವಾಗ ಪ್ರಳಯಾನಂತರದ ಲೋಕವೆಂದೇ ಅನ್ನಿಸುತ್ತದೆ. ವ್ಯತ್ಯಾಸವಿಷ್ಟೇ, ಲೇಖಕರು ಲೋಕವನ್ನು ಕಲ್ಪಿಸಬೇಕಾಗಲಿಲ್ಲ.

ಈ ವಿಪತ್ತಿನಲ್ಲಿ ರಾಕ್ಷಸರನ್ನು ಹುಡುಕಿದರೆ ಸಿಗುವುದಿಲ್ಲ. ಬೆಳೆ ಉಳಿಯಲೆಂಬ ಆಸೆ, ಕಡತಕ್ಕೆ ಹಾಕಿದ ಸಹಿ, ದೂರು ಬಂದಾಗ ‘ಪುರಾವೆಯಿಲ್ಲ’ ಎಂಬ ಉತ್ತರ, ನೆರೆಮನೆಯ ನೋವಿಗೆ ನಮ್ಮ ಮೌನ ಇವೇ ಸಿಗುತ್ತವೆ. ಚಾಪೆಕ್, ಶೂಟ್ ಮೊದಲಾದವರು ತೋರಿಸಿದ್ದೂ ಇಂಥ ಸಾಧಾರಣ ದುರ್ಗುಣಗಳನ್ನೇ.

2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ನಾವು ಮತ್ತೆ ಕಳೆಂಜನ ನಂಬಿಕೆಗೆ ಮರಳಿದೆವು. ಮಾರಿ ಹೊರಗಿನದೆಂದು ಕಾಸರಗೋಡಿನ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ದಾರಿ ಸಿಗದೆ ಸತ್ತರು. ಅವರಲ್ಲಿ ಕೆಲವರಾದರೂ ನಮ್ಮದೇ ಭಾಷೆಯವರಾಗಿದ್ದಿರಬೇಕು. ಕಳೆಂಜನಾದರೋ ಮಾರಿಯನ್ನು ತಾನೇ ಹೊತ್ತು ನಡೆಯುತ್ತಿದ್ದ. ನಾವು ಅದನ್ನು ನೆರೆಯವನ ತಲೆಯ ಮೇಲೆ ಹೊರಿಸಿದೆವು.

ಪ್ರಳಯದ ಕಥೆಗಳನ್ನು ಬರಿಯ ರಂಜನೆಯೆಂದು ತಳ್ಳಿಹಾಕಬಾರದೆಂಬುದಕ್ಕೆ ಇಷ್ಟು ಸಾಕು. ಒಳ್ಳೆಯ ಕಥೆ ನಮ್ಮ ಭಯವನ್ನು ಸರಿಯಾದ ಕಡೆಗೆ ತಿರುಗಿಸುತ್ತದೆ. ಎಂಡೋಸಲ್ಫಾನ್ ಪೀಡಿತರಿಗಾಗಿ ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಹಗಲು ಪಾಲನಾ ಕೇಂದ್ರಗಳನ್ನು ತೆರೆಯಲಾಯಿತು. ಆ ಮಕ್ಕಳಲ್ಲಿ ಅನೇಕರು ಈಗ ವಯಸ್ಸಿನಿಂದ ಮಕ್ಕಳಲ್ಲ. ಅವರನ್ನು ಎತ್ತಿ ಉಣಿಸುವ ತಾಯಂದಿರಿಗೆ ಮುಪ್ಪು ಬಂದಿದೆ. ತಮ್ಮ ಕಾಲಾನಂತರ ಈ ಮಗುವಿಗೆ ಯಾರು ಎಂಬುದು ಅವರ ಪ್ರಶ್ನೆ. ಲೋಕದ ಅಂತ್ಯದ ಬಗ್ಗೆ ಅವರನ್ನು ಕೇಳಿದರೆ ತಾವು ಕಣ್ಣು ಮುಚ್ಚುವ ದಿನವನ್ನೇ ಹೇಳಿಯಾರು. ಆ ದಿನಕ್ಕೆ ಏರ್ಪಾಡು ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ.