ಕಡತ: ಅಳಿಸಿ ಬರೆದ ಪುಸ್ತಕದ ಕಥೆ

ಹೊಸೂರಿನಿಂದ ಅತ್ತಿಬೆಲೆಯ ಗಡಿ ದಾಟಿ ಆನೇಕಲ್ಲಿನ ತಾಲ್ಲೂಕು ಕಚೇರಿಗೆ ಹೋದರೆ ನಮ್ಮ ಕಿವಿಗೆ ಮೊದಲು ಬೀಳುವ ಮಾತುಗಳಲ್ಲಿ ‘ಕಡತ’ವೂ ಒಂದು. ಕಡತ ಮೇಲಧಿಕಾರಿಗಳ ಮೇಜಿನ ಮೇಲಿದೆ, ಕಡತ ಸಿಕ್ಕುತ್ತಿಲ್ಲ, ಕಡತ ವಿಲೇವಾರಿಯಾಗಿದೆ ಎಂಬ ಮಾತುಗಳನ್ನು ಕೇಳದೆ ಅಲ್ಲಿಂದ ಯಾರೂ ಹಿಂದಿರುಗುವುದಿಲ್ಲ. ಗಡಿಯ ಈಚೆ, ನಮ್ಮ ಕೃಷ್ಣಗಿರಿ ಜಿಲ್ಲೆಯ ಕಚೇರಿಗಳಲ್ಲಿ, ಅದೇ ಕಾಗದದ ಕಟ್ಟಿಗೆ ತಮಿಳಿನ ‘ಕೋಪ್ಪು’ ಎಂಬ ಹೆಸರಿದೆ. ಆದರೆ ಕಡತ ಎಂಬ ಪದದ ನೆಂಟರು ಈಚೆಗೂ ಇದ್ದಾರೆ. ತಮಿಳರು ಒಬ್ಬರಿಗೊಬ್ಬರು ಬರೆಯುವ ಪತ್ರವನ್ನು ‘ಕಡಿದಂ’ ಎನ್ನುತ್ತಾರೆ. ತೆಲುಗಿನ ಹಳೆಯ ನಿಘಂಟುಗಳಲ್ಲಿ ‘ಕಡಿತಮು’ ಎಂಬ ಮಾತು ದೊರೆಯುತ್ತದೆ. ಮೂರು ಭಾಷೆಗಳು ಒಂದೇ ಬೀದಿಯಲ್ಲಿ ಬದುಕುವ ಈ ಊರುಗಳಲ್ಲಿ ಒಂದೇ ಪದದ ಮೂರು ರೂಪಗಳನ್ನು ಕೇಳುವ ಭಾಗ್ಯ ನಮ್ಮದು. ಆ ಪದದ ಹಿಂದಿರುವ ವಸ್ತುವನ್ನು ಮಾತ್ರ ನಮ್ಮಲ್ಲಿ ಬಹುಮಂದಿ ಕಣ್ಣಾರೆ ಕಂಡಿಲ್ಲ.

ಈಗ ನಮ್ಮ ಮನೆಯ ಯುವಕ ಯುವತಿಯರಲ್ಲಿ ಒಂದು ಹೊಸ ರೂಢಿ ಕಾಣಿಸಿಕೊಂಡಿದೆ. ಚರ್ಮದ ಹೊದಿಕೆಯುಳ್ಳ ಪುಸ್ತಕವೊಂದನ್ನು ಕೊಂಡು, ಅದರೊಳಗೆ ತೆಳುವಾದ ಹಾಳೆಪುಸ್ತಕಗಳನ್ನು ಸಿಕ್ಕಿಸಿ, ದಿನದ ಕೆಲಸಗಳನ್ನೂ ಮನಸ್ಸಿನ ಮಾತುಗಳನ್ನೂ ಬರೆಯುತ್ತಾರೆ. ಒಳಗಿನ ಪುಸ್ತಕ ತುಂಬಿದಾಗ ಅದನ್ನು ತೆಗೆದಿಟ್ಟು ಹೊಸದನ್ನು ಹಾಕುತ್ತಾರೆ. ಹೊದಿಕೆ ಮಾತ್ರ ಹಳೆಯದೇ ಉಳಿದು, ಕೈಯ ಬೆವರಿಗೂ ಬಿಸಿಲಿಗೂ ಬಣ್ಣ ಮಾಗುತ್ತ ಹೋಗುತ್ತದೆ. ಇದನ್ನು ಕಂಡ ಹಿರಿಯರು ‘ಪರದೇಶದ ಶೋಕಿ’ ಎಂದು ನಗುವುದುಂಟು. ನಗುವ ಮೊದಲು ನಮ್ಮ ಹಿಂದಿನವರ ಕಡತವನ್ನು ಒಮ್ಮೆ ನೆನೆಯುವುದು ಉಚಿತ. ಮತ್ತೆ ಮತ್ತೆ ಹೊಸದಾಗಿಸಿಕೊಂಡು ಬರೆಯುವ ಪುಸ್ತಕ ಕನ್ನಡಿಗರಿಗೆ ಹೊಸದಲ್ಲ.

ಕಡತವನ್ನು ಮಾಡುತ್ತಿದ್ದ ಬಗೆ ಸರಳವಾದದ್ದು. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಯೊಂದನ್ನು ತೆಗೆದುಕೊಳ್ಳುತ್ತಿದ್ದರು. ಹುಣಸೆ ಬೀಜದ ಸಿಪ್ಪೆ ತೆಗೆದು, ಅರೆದು, ಕುದಿಸಿದರೆ ಗಟ್ಟಿಯಾದ ಅಂಟು ದೊರೆಯುತ್ತದೆ. ಅದಕ್ಕೆ ಇದ್ದಿಲ ಪುಡಿ ಬೆರೆಸಿ ಬಟ್ಟೆಯ ಎರಡೂ ಬದಿಗೆ ಬಳಿದು ಒಣಗಿಸಿದಾಗ ಬಟ್ಟೆ ಕರಿಯ ಹಲಗೆಯಂತೆ ಬಿರುಸಾಗುತ್ತಿತ್ತು. ಬಳಿಕ ಅದನ್ನು ಕತ್ತರಿಸದೆ, ಒಂದೇ ಅಳತೆಯ ಮಡಿಕೆಗಳಾಗಿ ಹಿಂದಕ್ಕೂ ಮುಂದಕ್ಕೂ ಮಡಿಸಿ, ಎರಡು ತುದಿಗಳಿಗೆ ಮರದ ಹಲಗೆಗಳನ್ನು ಅಂಟಿಸಿದರೆ ಪುಸ್ತಕ ಸಿದ್ಧ. ಬರೆಯುವುದು ಬಳಪದ ಕಡ್ಡಿಯಿಂದ. ಕರಿಯ ನೆಲದ ಮೇಲೆ ಬಿಳಿಯ ಅಕ್ಷರ ಮೂಡುತ್ತಿತ್ತು. ಬೇಡವಾದಾಗ ಒರೆಸಿ, ಅದೇ ಜಾಗದಲ್ಲಿ ಮತ್ತೆ ಬರೆಯಬಹುದಾಗಿತ್ತು. ಮೇಲಿನ ಲೇಪ ಸವೆದರೆ ಮತ್ತೊಮ್ಮೆ ಬಳಿದರಾಯಿತು. ಹುಣಸೆ, ಇದ್ದಿಲು, ಹತ್ತಿ, ಬಳಪ ಇವಾವುದಕ್ಕೂ ದೂರದ ಪೇಟೆಯನ್ನು ಕಾಯಬೇಕಾಗಿರಲಿಲ್ಲ. ಕೃಷ್ಣಗಿರಿಯ ಸುತ್ತ ರಸ್ತೆಯ ಬದಿಯ ಹುಣಸೆ ಮರಗಳನ್ನು ಕಂಡವರಿಗೆ ಈ ಪುಸ್ತಕದ ಅರ್ಧ ಸಾಮಗ್ರಿ ನಮ್ಮ ನೆಲದಲ್ಲಿಯೇ ತೂಗಾಡುತ್ತಿದೆಯೆಂದು ಹೇಳಬೇಕಾಗಿಲ್ಲ.

ಈ ವಸ್ತುವನ್ನು ಅಳತೆಸಹಿತ ವರ್ಣಿಸಿದವನು ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ಇಂಗ್ಲಿಷರ ರೆಸಿಡೆಂಟನಾಗಿದ್ದ ಆತ 1810ರಲ್ಲಿ ತನ್ನ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟವನ್ನು ಪ್ರಕಟಿಸಿದನು. ಬಟ್ಟೆಯ ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ ಎಂದು ಆತ ಲೆಕ್ಕ ಕೊಡುತ್ತಾನೆ. ಉಳ್ಳವರ ಕಡತಕ್ಕೆ ಬಣ್ಣ ಬಳಿದು ಮೆರುಗಿಟ್ಟ ಹಲಗೆ, ರೇಷ್ಮೆಯ ಇಲ್ಲವೆ ಹತ್ತಿಯ ಚೀಲ. ಬಡವರ ಕಡತಕ್ಕೆ ಬರಿಯ ದಾರದ ಕಟ್ಟು. ಮೈಸೂರು ಸೀಮೆಯ ವರ್ತಕರೂ ಅಂಗಡಿಯವರೂ ಆ ಕಾಲಕ್ಕೂ ಇದನ್ನೇ ಬಳಸುತ್ತಿದ್ದರೆಂದು ತಿಳಿಸುತ್ತಾನೆ. ಸಾಕ್ಷಿ ಹಾಕಿಸಿ ಕಡತದಲ್ಲಿ ಬರೆದಿದ್ದ ಸಾಲಪತ್ರವೊಂದು ವಿಚಾರಣೆಯಲ್ಲಿ ಪುರಾವೆಯಾಗಿ ಒಪ್ಪಿಗೆಯಾದುದನ್ನು ತಾನೇ ಕಂಡೆನೆಂದೂ ಬರೆಯುತ್ತಾನೆ. ಒರೆಸಿದರೆ ಹೋಗುವ ಬರಹಕ್ಕೆ ಅಷ್ಟು ಮಾನ್ಯತೆ ಇತ್ತೆಂದರೆ, ಆ ಮಾನ್ಯತೆ ಬಳಪಕ್ಕಿಂತ ಹೆಚ್ಚಾಗಿ ಬರೆದವನ ಮಾತಿಗೆ ಸಂದದ್ದೆಂದು ನಾವು ತಿಳಿಯಬೇಕು.

ಕಡತದ ಪ್ರಾಚೀನತೆ ಅದಕ್ಕಿಂತ ಬಹಳ ಹಿಂದಕ್ಕೆ ಹೋಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿಯ ಹೆಸರು ಬರುತ್ತದೆ. ವೆರ್ಗಡೆ ಎಂದರೆ ಹೆಗ್ಗಡೆ. ಕಡಿತದ ಹೆಗ್ಗಡೆ ಎಂದರೆ ರಾಜ್ಯದ ಲೆಕ್ಕಪತ್ರಗಳ ಮೇಲ್ವಿಚಾರಕ. ಅಲೆಗ್ಸಾಂಡರನ ನೌಕಾಧಿಪತಿ ನಿಯಾರ್ಕಸನು ಭಾರತೀಯರು ಒತ್ತಾಗಿ ನೇಯ್ದ ಬಟ್ಟೆಯ ಮೇಲೆ ಪತ್ರ ಬರೆಯುತ್ತಾರೆಂದು ಹೇಳಿದ್ದನ್ನು ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ದಾಖಲಿಸಿದ್ದಾನೆ. ಆ ಬಟ್ಟೆ ಕಡತದ ಜಾತಿಯದೇ ಇರಬೇಕೆಂದು ವಿಲ್ಕ್ಸ್ ಊಹಿಸಿದನು. ಊಹೆ ಹೇಗಾದರೂ ಇರಲಿ, ಉಳಿದಿರುವ ಕಡತಗಳೇ ತಮ್ಮ ಬಾಳಿಕೆಗೆ ಸಾಕ್ಷಿ. ಶೃಂಗೇರಿ ಮಠದಲ್ಲಿ ಕಡತಗಳ ಸಂಗ್ರಹವೇ ಇದೆ. ಇತಿಹಾಸಕಾರ ಎ. ಕೆ. ಶಾಸ್ತ್ರಿಯವರು ಅವನ್ನು ಓದಿ, ಆಯ್ದು, ಪ್ರಕಟಿಸಿದ ಮೇಲೆ ಮಠದ ಜಮೀನು, ಆದಾಯ, ಅರಸರೊಡನೆ ನಡೆದ ವ್ಯವಹಾರಗಳು ಬೆಳಕಿಗೆ ಬಂದವು.

ಕಡತದ ಮೇಲೆ ಸಂಶಯಪಟ್ಟ ಅರಸನೂ ಒಬ್ಬನಿದ್ದನು. ಸರ್ಕಾರದ ಲೆಕ್ಕವನ್ನು ಕಡತದಲ್ಲಿ ಬರೆಯಕೂಡದೆಂದು ಟಿಪ್ಪು ಸುಲ್ತಾನನು ಆಜ್ಞೆ ಮಾಡಿದನು. ಕಾರಣ ತಿಳಿಯುವುದು ಕಷ್ಟವಲ್ಲ. ಬಳಪದ ಅಕ್ಷರವನ್ನು ಒರೆಸುವುದಕ್ಕೆ ಒಂದು ಒದ್ದೆ ಬಟ್ಟೆ ಸಾಕು. ಸಂಜೆಯ ಹತ್ತು ವರಹ ಬೆಳಗಾಗುವಷ್ಟರಲ್ಲಿ ಎಂಟಾಗಬಹುದು. ವಂಚನೆಗೆ ದಾರಿಯಿದೆಯೆಂಬುದನ್ನು ವಿಲ್ಕ್ಸನೂ ಒಪ್ಪುತ್ತಾನೆ. ಆದರೂ ತಾಮ್ರ ಮತ್ತು ಕಲ್ಲನ್ನು ಬಿಟ್ಟರೆ ಈ ದೇಶದಲ್ಲಿ ಬರಹಕ್ಕೆ ಬಳಸುವ ಯಾವ ವಸ್ತುವೂ, ಒಳ್ಳೆಯ ಕಾಗದವೂ ಸಹ, ಕಡತದಷ್ಟು ಬಾಳುವುದಿಲ್ಲವೆಂಬುದು ಆತನ ತೀರ್ಪು. ಅಳಿಸಲು ಎಲ್ಲಕ್ಕಿಂತ ಸುಲಭ, ಉಳಿಯುವುದರಲ್ಲಿ ಬಹುತೇಕ ಎಲ್ಲಕ್ಕಿಂತ ಮುಂದು: ಕಡತದ ಸ್ವಭಾವ ಇದು.

ಆ ಆಜ್ಞೆ ಹೊರಟ ಕಾಲಕ್ಕೆ ನಮ್ಮ ಸೀಮೆಯೂ ಶ್ರೀರಂಗಪಟ್ಟಣದ ಅಧೀನದಲ್ಲಿತ್ತು. 1792ರ ಒಪ್ಪಂದದಿಂದ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲು ಇಂಗ್ಲಿಷರ ಕೈಗೆ ಹೋಯಿತು. ಬಾಲಾಘಾಟ್ ಎನಿಸಿಕೊಂಡ ಹೊಸೂರಿನ ಮೇಲುನಾಡು 1799ರಲ್ಲಿ ಟಿಪ್ಪುವಿನ ಪತನದ ನಂತರ ಸೇರಿತು. ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡ್ ಮತ್ತು ಆತನ ಸಹಾಯಕ ಥಾಮಸ್ ಮನ್ರೋ ಹೊಲ ಹೊಲವನ್ನೂ ಅಳೆಯಿಸಿ, ಒಬ್ಬೊಬ್ಬ ರೈತನ ಹೆಸರಿನಲ್ಲಿಯೂ ಬೇರೆ ಬೇರೆ ಲೆಕ್ಕ ಬರೆಯಿಸಿದರು. ಮುಂದೆ ಮದ್ರಾಸ್ ಪ್ರಾಂತದ ಬಹುಭಾಗವನ್ನು ಆಳಿದ ರೈತವಾರಿ ಪದ್ಧತಿ ಮೊಳೆತದ್ದು ಈ ನೆಲದಲ್ಲಿಯೇ. ಇಷ್ಟು ಲೆಕ್ಕಕ್ಕೆ ಆಧಾರವಾದವರು ಹಳ್ಳಿಯ ಶಾನುಭೋಗರು ಮತ್ತು ಕರಣಿಕರು. ಬರಬರುತ್ತ ಕಾಗದ, ಶಾಯಿ, ಅಚ್ಚಾದ ನಮೂನೆಗಳು ಬಂದವು. ಕರಿಯ ಬಟ್ಟೆಯ ಪುಸ್ತಕ ಅಟ್ಟ ಸೇರಿತು. ವಸ್ತು ಹೋದರೂ ಹೆಸರು ಹೋಗಲಿಲ್ಲ. ಅದು ಕಚೇರಿಯ ಕಾಗದದ ಕಟ್ಟಿಗೆ ಅಂಟಿಕೊಂಡು ಇಂದಿಗೂ ಕರ್ನಾಟಕದ ಆಡಳಿತದಲ್ಲಿ ಓಡಾಡುತ್ತಿದೆ.

ದಿನದಿನದ ಬರಹದಿಂದ ಏನು ಪ್ರಯೋಜನವೆಂದು ಕೇಳುವವರಿಗೆ ತಮಿಳು ನಾಡಿನಲ್ಲಿಯೇ ಉತ್ತರವಿದೆ. ಪುದುಚೇರಿಯಲ್ಲಿ ಫ್ರೆಂಚರ ದುಭಾಷಿಯೂ ವರ್ತಕನೂ ಆಗಿದ್ದ ಆನಂದರಂಗ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿ ಬರೆದನು. ಹಡಗು ಬಂದದ್ದು, ಸರಕಿನ ಬೆಲೆ, ದೊರೆಗಳ ಜಗಳ, ಮನೆಯ ಶುಭಾಶುಭ ಎಲ್ಲವೂ ಅದರಲ್ಲಿವೆ. ಹದಿನೆಂಟನೆಯ ಶತಮಾನದ ದಕ್ಷಿಣ ಭಾರತವನ್ನು ಕುರಿತು ಬರೆಯುವ ಯಾವ ಇತಿಹಾಸಕಾರನೂ ಇಂದು ಅದನ್ನು ಬಿಟ್ಟು ಮುಂದೆ ಹೋಗಲಾರನು.

ಇನ್ನೂ ಹತ್ತಿರದ ನಿದರ್ಶನ ಬೇಕಾದರೆ ಹೊಸೂರಿನ ಪಕ್ಕದ ತೊರಪಳ್ಳಿಗೆ ಹೋಗಬೇಕು. 1878ರ ಡಿಸೆಂಬರ್ 10ರಂದು ರಾಜಾಜಿಯವರು ಹುಟ್ಟಿದ್ದು ಅಲ್ಲಿ. ಅವರ ತಂದೆ ಆ ಊರಿನ ಮುನಸೀಫರು. ಹೊಸೂರಿನಲ್ಲಿ ಶಾಲೆ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಿತ ರಾಜಾಜಿಯವರು ಅಸಹಕಾರ ಚಳವಳಿಯಲ್ಲಿ 1921ರ ಡಿಸೆಂಬರಿನಿಂದ ಮೂರು ತಿಂಗಳು ವೇಲೂರಿನ ಸೆರೆಮನೆಯಲ್ಲಿದ್ದರು. ಅಲ್ಲಿ ಅವರು ದಿನಚರಿ ಬರೆದರು. ಸ್ವರಾಜ್ಯ ಬಂದೊಡನೆ ಜನರ ಸುಖ ಹೆಚ್ಚುವುದೆಂದು ನಂಬಬೇಡಿ, ಚುನಾವಣೆಯ ಕೇಡುಗಳೂ ಅನ್ಯಾಯವೂ ಹಣದ ದರ್ಪವೂ ಆಡಳಿತದ ಅದಕ್ಷತೆಯೂ ಕಾಡುವುವು ಎಂಬ ಆಶಯದ ಮಾತನ್ನು ಅವರು ಆ ದಿನಚರಿಯಲ್ಲಿ 1922ರಲ್ಲಿಯೇ ಗುರುತಿಸಿಟ್ಟಿದ್ದರು. ಸ್ವಾತಂತ್ರ್ಯ ಬರಲು ಇನ್ನೂ 25 ವರ್ಷವಿತ್ತು. ಸಭೆಯಲ್ಲಿ ಆ ಹೊತ್ತಿಗೆ ಆಡಲು ಕಷ್ಟವಾದ ಮಾತಿಗೆ ದಿನಚರಿ ನೆಲೆ ಕೊಟ್ಟಿತು.

ಇನ್ನು ಚರ್ಮದ ಹೊದಿಕೆಯ ಪುಸ್ತಕಕ್ಕೆ ಬರೋಣ. ಹಾಳೆಗಳನ್ನು ಬಿಡಿಯಾಗಿ ಸೇರಿಸುವ, ತೆಗೆಯುವ ಈಗಿನ ಕ್ರಮ ಬೆಳೆದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಎಂಜಿನಿಯರರು ತಮ್ಮ ವೃತ್ತಿಗೆ ಬೇಕಾದ ಕೋಷ್ಟಕಗಳ ಹಾಳೆಗಳನ್ನು ಕಿಸೆಯ ಪುಸ್ತಕಕ್ಕೆ ಸೇರಿಸಿಕೊಳ್ಳಲೆಂದು ‘ಲೆಫ್ಯಾಕ್ಸ್’ ಹುಟ್ಟಿತು. ಅದನ್ನು ಅನುಸರಿಸಿ 1921ರಲ್ಲಿ ಲಂಡನ್ನಿನಲ್ಲಿ ‘ಫೈಲೋಫ್ಯಾಕ್ಸ್’ ಸಂಸ್ಥೆ ತಲೆಯೆತ್ತಿತು. ಎರಡನೆಯ ಮಹಾಯುದ್ಧದಲ್ಲಿ, 1940ರ ಡಿಸೆಂಬರಿನ ಬಾಂಬು ದಾಳಿಗೆ ಆ ಸಂಸ್ಥೆಯ ಕಚೇರಿ ಸುಟ್ಟುಹೋಯಿತು. ಗ್ರೇಸ್ ಸ್ಕರ್ ಎಂಬ ಅಲ್ಲಿನ ಮಹಿಳೆ ಗ್ರಾಹಕರ ಮತ್ತು ಸರಕು ಒದಗಿಸುವವರ ವಿವರಗಳನ್ನು ತಮ್ಮ ಸ್ವಂತ ಪುಸ್ತಕದಲ್ಲಿ ಬರೆದು ದಿನವೂ ಮನೆಗೆ ಒಯ್ಯುತ್ತಿದ್ದುದರಿಂದ ಸಂಸ್ಥೆ ಮರಳಿ ನಿಂತಿತೆಂದು ಹೇಳುತ್ತಾರೆ. ಚರ್ಮದ ಹೊದಿಕೆಗೆ ರಬ್ಬರಿನ ದಾರದಿಂದ ಪುಸ್ತಕಗಳನ್ನು ಸಿಕ್ಕಿಸುವ ಬಗೆಯನ್ನು ಲೋಕಪ್ರಿಯಗೊಳಿಸಿದ್ದು 2006ರಲ್ಲಿ ಬಂದ ಜಪಾನಿನ ‘ಟ್ರಾವೆಲರ್ಸ್ ನೋಟ್‌ಬುಕ್’.

ಚರ್ಮವಾದರೂ ನಮಗೆ ಪರದೇಶದ್ದಲ್ಲ. ಕೃಷ್ಣಗಿರಿಯಿಂದ ಚೆನ್ನೈ ಹೆದ್ದಾರಿಯಲ್ಲಿ ಹೊರಟರೆ ವಾಣಿಯಂಬಾಡಿ, ಆಂಬೂರು, ರಾಣಿಪೇಟೆ ಒಂದಾದ ಮೇಲೊಂದು ಬರುತ್ತವೆ. ಪಾಲಾರ್ ಕಣಿವೆಯ ಈ ಊರುಗಳು ಚರ್ಮ ಹದ ಮಾಡುವುದರಲ್ಲಿ ಹೆಸರಾದವು. ಕಲ್ಲುಮಂಟಿಯಲ್ಲಿ ಹಳದಿ ಹೂ ಬಿಡುವ ನಮ್ಮ ತಂಗಡಿ ಗಿಡದ ತೊಗಟೆಯಿಂದಲೇ ದಕ್ಷಿಣದಲ್ಲಿ ಹಿಂದೆ ಚರ್ಮವನ್ನು ಹದ ಮಾಡುತ್ತಿದ್ದರು. ತಂಗಡಿಯಲ್ಲಿ ಹದವಾದ ಹೊದಿಕೆಗೂ ಹುಣಸೆಯಲ್ಲಿ ಬಿರುಸಾದ ಕಡತಕ್ಕೂ ನಡುವಿನ ದೂರ ನಾವು ಎಣಿಸಿದಷ್ಟು ದೊಡ್ಡದಲ್ಲ. ಒಂದು ಭೇದ ಮಾತ್ರ ಇದೆ. ಕಡತದಲ್ಲಿ ಹೊಸದು ಬರೆಯಲು ಹಳೆಯದನ್ನು ಒರೆಸಬೇಕಾಗಿತ್ತು. ಇಲ್ಲಿ ಹಳೆಯದು ಕಪಾಟು ಸೇರಿ ಉಳಿಯುತ್ತದೆ. ನಮ್ಮ ಹಿರಿಯರಿಗೆ ಇಲ್ಲದಿದ್ದ ಈ ಅನುಕೂಲ ನಮ್ಮ ಮಕ್ಕಳಿಗಿದೆ.

ಇಷ್ಟನ್ನು ಈ ಸಂಚಿಕೆಯಲ್ಲಿ ಬರೆಯಲು ಕಾರಣವಿದೆ. ಹೊಸೂರು ಸೀಮೆಯ ನಮ್ಮ ಮನೆಗಳಲ್ಲಿ ಕನ್ನಡ ಮಾತು ಇನ್ನೂ ಇದೆ. ಕನ್ನಡದ ಕೈಬರಹ ತೆಳುವಾಗುತ್ತಿದೆ. 2006ರ ತಮಿಳು ಕಲಿಕೆಯ ಕಾಯ್ದೆಯ ನಂತರ ತಮಿಳು ಹಂತ ಹಂತವಾಗಿ ಹತ್ತನೆಯ ತರಗತಿಯವರೆಗೆ ಕಡ್ಡಾಯ ಪಾಠವಾಯಿತು. ಉದ್ಯೋಗಕ್ಕೆ ಇಂಗ್ಲಿಷು ಬೇಕು. ನೆರೆಯ ಭಾಷೆಯನ್ನು ಕಲಿಯುವುದರಲ್ಲಿ ನಮಗೆ ನಷ್ಟವಿಲ್ಲ, ಗೌರವವಿದೆ. ಆದರೆ ಅಜ್ಜಿಯೊಡನೆ ಕನ್ನಡದಲ್ಲಿ ಹರಟುವ ಮಗು ಅಜ್ಜಿಯ ಸಾಸಿವೆ ಡಬ್ಬಿಯ ಮೇಲಿನ ಚೀಟಿಯನ್ನು ಓದಲಾರದೆ ನಿಂತಾಗ ನಮ್ಮೆದೆ ಮರುಗುತ್ತದೆ. ಲಿಪಿ ಉಳಿಯುವುದು ಸಮ್ಮೇಳನದ ಫಲಕಗಳಿಂದಷ್ಟೇ ಅಲ್ಲ. ಹಾಲಿನ ಲೆಕ್ಕ, ನಾಳೆಯ ಕೆಲಸ, ಮಳೆ ಬಿದ್ದ ದಿನ, ಮದುವೆಗೆ ಕೊಟ್ಟ ಮುಯ್ಯಿ, ಇವನ್ನು ಬರೆಯುವ ಕೈಯಿಂದ ಅದು ಉಳಿಯುತ್ತದೆ. ಹಳೆಯ ಲೆಕ್ಕದಲ್ಲಿ 1/16 ಪಾಲಿಗೂ ‘ವೀಸ’ ಎಂಬ ಹೆಸರಿತ್ತು. ಅಷ್ಟು ಸಣ್ಣದನ್ನೂ ಕನ್ನಡದಲ್ಲಿ ಎಣಿಸಿ ಬರೆದವರ ವಂಶ ನಮ್ಮದು. ನಮ್ಮ ದಿನಚರಿಯ ಪುಟಕ್ಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ, ಯಾರ ಅನುಮತಿಯೂ ಬೇಕಿಲ್ಲ.

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮ ಬಿನ್ನಹ ಎರಡು. ಮೊದಲನೆಯದು, ಅಟ್ಟ ಗುಡಿಸುವಾಗ ಕರಿಯ ಬಟ್ಟೆಯ ಮಡಿಕೆ ಪುಸ್ತಕವಾಗಲಿ, ಹಿರಿಯರ ಲೆಕ್ಕದ ಪುಸ್ತಕವಾಗಲಿ ಸಿಕ್ಕಿದರೆ ಗುಜರಿಯವರಿಗೆ ಹಾಕಬೇಡಿ. ಕಡತವಾದರೆ ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ. ಧೂಳೆಂದು ತಿಳಿದು ಒರೆಸಿದರೆ ಮುತ್ತಜ್ಜನ ಅಕ್ಷರವೇ ಹೋದೀತು. ಮಡಿಕೆ ಮಡಿಕೆಯಾಗಿ ಬಿಡಿಸಿ, ಫೋಟೊ ತೆಗೆದು, ಓದಬಲ್ಲವರಿಗೆ ತೋರಿಸಿ. ಎರಡನೆಯದು, ಮನೆಯ ಮಕ್ಕಳು ಚರ್ಮದ ಹೊದಿಕೆಯ ಪುಸ್ತಕ ಬೇಕೆಂದರೆ ಶೋಕಿಯೆಂದು ಗದರದೆ ಕೊಡಿಸಿ. ಕೊಡುವ ಮೊದಲು ಅದರ ಮೊದಲನೆಯ ಪುಟದಲ್ಲಿ ಅವರ ಹೆಸರು, ಊರು, ಆ ದಿನದ ತಾರೀಖು, ಈ ಮೂರನ್ನು ನಿಮ್ಮ ಕೈಯಿಂದಲೇ ಕನ್ನಡದಲ್ಲಿ ಬರೆಯಿರಿ. ಎರಡನೆಯ ಪುಟವನ್ನು ಅವರಿಗೆ ಬಿಡಿ.